ರುಚಿ ನೋಡದೆ ಕಟ್ಟಿದ ಉಂಡೆಗಳು

ನಾನು ನಿಮ್ಮಷ್ಟೇ ಚಿಕ್ಕವನಿದ್ದಾಗ, ಅಂದರೆ ಎಂಟು ವರ್ಷದವನಿದ್ದಾಗ, ಕಡಲಾಚೆಯ ಈ ದೇಶದ ವುಡ್‌ಲ್ಯಾಂಡ್ಸ್ ಬಡಾವಣೆಯ ನಮ್ಮ ಮನೆಯಲ್ಲಿ ಹನ್ನೆರಡು ವರ್ಷದ ಒಬ್ಬ ಹುಡುಗಿಯ ವಿಚಾರಣೆ ನಡೆಯಿತು. ಆಪಾದಿತೆ ನನ್ನ ಅಕ್ಕ. ನ್ಯಾಯಾಧೀಶರು ನಮ್ಮ ಅತ್ತೆ, ಅಪ್ಪನ ಸ್ವಂತ ಅಕ್ಕ. ಅಪರಾಧ ಏನೆಂದು ಮಾತ್ರ ಕೇಳಬೇಡಿ. ಅದನ್ನು ನಾನು ಅಂದಿನಿಂದ ಹುಡುಕುತ್ತಲೇ ಇದ್ದೇನೆ, ಇನ್ನೂ ಸಿಕ್ಕಿಲ್ಲ.

ಆ ವರ್ಷ ಮೈಸೂರಿನಲ್ಲಿ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ಅವರನ್ನು ನೋಡಿಕೊಳ್ಳಲು ಹೋದ ಅಮ್ಮ ನಾಲ್ಕು ತಿಂಗಳಾದರೂ ಮರಳಿರಲಿಲ್ಲ. ಏಳನೇ ಮಹಡಿಯ ಮನೆಯಲ್ಲಿ ಅಪ್ಪ, ಅಕ್ಕ, ನಾನು, ಮೂವರೇ. ಎರಡು ಹೊತ್ತಿನ ಊಟ ಪಕ್ಕದ ಬ್ಲಾಕಿನ ಒಬ್ಬ ಆಂಟಿಯ ಮನೆಯಿಂದ ಕ್ಯಾರಿಯರ್‌ನಲ್ಲಿ ಬರುತ್ತಿತ್ತು. ಉಳಿದಿದ್ದೆಲ್ಲ ಅಕ್ಕನದು. ನನ್ನ ಶಾಲೆಯ ಬಿಳಿ ಅಂಗಿ ಒಗೆದು ಕಿಟಕಿಯಾಚೆಯ ಬಿದಿರುಕೋಲಿಗೆ ಸಿಕ್ಕಿಸುತ್ತಿದ್ದಳು, ಅಪ್ಪನ ಕನ್ನಡಕ ಹುಡುಕಿಕೊಡುತ್ತಿದ್ದಳು, ಇವೆರಡರ ನಡುವೆ ತರಗತಿಯಲ್ಲಿ ಲೆಕ್ಕಕ್ಕೆ ಮೊದಲಿಗಳೂ ಆಗುತ್ತಿದ್ದಳು. ಇದನ್ನೆಲ್ಲ ಕೂಲಂಕಷವಾಗಿ ಪರಿಶೀಲಿಸಿದ ಅತ್ತೆ ಒಂದು ತೀರ್ಮಾನಕ್ಕೆ ಬಂದರು. ಹುಡುಗಿ ಹಾಳಾಗುತ್ತಿದ್ದಾಳೆ.

"ತಾಯಿ ಇಲ್ಲದ ಅಡುಗೆಮನೇಲಿ ಹೆಣ್ಣುಮಗು ಏನ್ ಕಲಿಯುತ್ತೆ ಹೇಳು. ಮೈಸೂರಿಗೆ ಕಳಿಸಿಬಿಡು. ಅಲ್ಲೇ ಓದ್ಕೊಂಡು ನಾಲ್ಕು ಕೆಲಸ ಕಲೀಲಿ," ಅಂದರು ಅಪ್ಪನಿಗೆ.

ನಿಮ್ಮ ಮುತ್ತಜ್ಜನಾದ ನನ್ನ ಅಪ್ಪನಿಗೆ ಅಡುಗೆ ಇರಲಿ, ನೀರು ಕಾಯಿಸಲೂ ಬರುತ್ತಿರಲಿಲ್ಲ. ಒಮ್ಮೆ ಪ್ರಯತ್ನಿಸಿ ಪಾತ್ರೆಯ ತಳ ಸುಟ್ಟಿದ್ದರು. ಆದರೆ ಅವರನ್ನು ಎಲ್ಲಿಗಾದರೂ ಕಳಿಸಿ ತರಬೇತಿ ಕೊಡಿಸಬೇಕೆಂಬ ಸಲಹೆ ಯಾರ ಬಾಯಿಂದಲೂ ಬರಲಿಲ್ಲ. ಒಂದು ಲೋಟ ಹಾಲನ್ನೂ ಕಾಯಿಸಲು ಬಾರದ ನನ್ನ ಬಗ್ಗೆಯೂ ಯಾರೂ ಚಿಂತಿಸಲಿಲ್ಲ. ಗಂಡಸರಿಬ್ಬರೂ ಹುಟ್ಟಿನಿಂದಲೇ ಪಾಸಾದವರು.

ತಮ್ಮ ಅಕ್ಕನ ಮುಂದೆ ಅಪ್ಪನಿಗೆ ಬಾಯಿ ಬರುತ್ತಿರಲಿಲ್ಲ. "ನೋಡೋಣ ಅಕ್ಕಯ್ಯ," ಅಂದರು. ಆಗ ನವರಾತ್ರಿ. ಅಮ್ಮನಿಲ್ಲದಿದ್ದರೂ ಅಕ್ಕ ಹಟ ಹಿಡಿದು ಬಿಸ್ಕತ್ತಿನ ಡಬ್ಬಿಗಳ ಮೇಲೆ ಹಲಗೆ ಜೋಡಿಸಿ, ಮೇಲೆ ಬಿಳಿ ಪಂಚೆ ಹಾಸಿ ಗೊಂಬೆ ಕೂರಿಸಿದ್ದಳು. ಶನಿವಾರ ಸಂಜೆ ಐದಕ್ಕೆ ಅತ್ತೆ ಇಬ್ಬರು ಆಂಟಿಯರನ್ನು ಕರೆದುಕೊಂಡು ಗೊಂಬೆ ನೋಡಲು ಬರುವುದೆಂದೂ, ನೈವೇದ್ಯವನ್ನು ಅಕ್ಕನೇ ಮಾಡಬೇಕೆಂದೂ, ಅದನ್ನು ನೋಡಿ ಅವಳು ಇರುವುದೋ ಹೋಗುವುದೋ ಎಂದು ನಿರ್ಧರಿಸುವುದೆಂದೂ ಗೊತ್ತಾಯಿತು. ಒಂದು ಮಗು ತನ್ನ ಮನೆಯಲ್ಲಿ ಇರಬೇಕೋ ಬೇಡವೋ ಎಂಬುದನ್ನು ಒಂದು ತಟ್ಟೆ ತಿಂಡಿಯಿಂದ ನಿರ್ಣಯಿಸಿದ ಸಭೆಯನ್ನು ನೀವು ಯಾವ ಪುಸ್ತಕದಲ್ಲಾದರೂ ಓದಿದ್ದೀರಾ? ನಾನು ಓದಿಲ್ಲ. ನೋಡಿದ್ದೇನೆ.

ಇನ್ನು ಶಾಸನಗಳು. ಮನೆಯಲ್ಲಿ ದೊಡ್ಡವರಿಲ್ಲದಾಗ ಗ್ಯಾಸ್ ಒಲೆ ಮುಟ್ಟಬಾರದು. ಇದು ಅಪ್ಪನದು, ಮತ್ತು ಶನಿವಾರ ಅಪ್ಪ ಕೆಲಸ ಮುಗಿಸಿ, ಅತ್ತೆಯನ್ನು ಬಸ್ ನಿಲ್ದಾಣದಿಂದ ಕರೆದುಕೊಂಡೇ ಮನೆಗೆ ಬರುವವರಿದ್ದರು. ಅಂಗಡಿಯ ಸಿಹಿ ದೇವಿಯ ಮುಂದೆ ಇಡಬಾರದು. ಇದು ಅತ್ತೆಯದು. ನೈವೇದ್ಯ ಆಗುವ ಮುಂಚೆ ಯಾರೂ ರುಚಿ ನೋಡಬಾರದು, ನೋಡಿದರೆ ಅದು ಎಂಜಲು. ಇದೂ ಅತ್ತೆಯದೇ. ಬೆಂಕಿ ಇಲ್ಲ, ಅಂಗಡಿ ಇಲ್ಲ, ನಾಲಿಗೆಯೂ ಇಲ್ಲ. ಈ ಮೂರನ್ನೂ ಕಿತ್ತುಕೊಂಡ ಮೇಲೆ, ಎಲ್ಲಿ ನಿನ್ನ ಕೈರುಚಿ ತೋರಿಸು ಎಂದರು.

ಅಕ್ಕ ಅಳಲಿಲ್ಲ. ಲೆಕ್ಕದ ಹುಡುಗಿ ಅವಳು. ಕೆಳಗೊಂದು ಗೆರೆ ಎಳೆದು ಉತ್ತರ ಬರೆಯುವವಳಂತೆ, "ಖರ್ಜೂರ," ಅಂದಳು. ನನಗೆ ಜ್ವರ ಬಂದು ಬಿಟ್ಟಾಗಲೆಲ್ಲ ಅಮ್ಮ ಖರ್ಜೂರ, ಗೋಡಂಬಿ, ಒಣದ್ರಾಕ್ಷಿ ಕುಟ್ಟಿ ಉಂಡೆ ಕಟ್ಟುತ್ತಿದ್ದಳು. ಅದಕ್ಕೆ ಒಲೆಯೇ ಬೇಡ. ಒಂದು ಕಲ್ಲು, ಎರಡು ಕೈ ಸಾಕು.

ಮಧ್ಯಾಹ್ನ ನನ್ನನ್ನು ಕೆಳಗಿನ ಅಂಗಡಿಗೆ ಕಳಿಸಿದಳು. ನಮ್ಮ ಲಿಫ್ಟು ಒಂದು, ಐದು, ಒಂಬತ್ತನೇ ಮಹಡಿಗಳಲ್ಲಿ ಮಾತ್ರ ನಿಲ್ಲುತ್ತಿತ್ತು. ಎರಡು ಮಹಡಿ ಮೆಟ್ಟಿಲಿಳಿದು ಐದರಲ್ಲಿ ಹತ್ತಬೇಕು. ಅಂಗಡಿಯಲ್ಲಿ ಅಕ್ಕಿಮೂಟೆಗಳ ಧೂಳು, ಒಣಮೀನು, ಸೀಮೆಎಣ್ಣೆ ಎಲ್ಲ ಕಲೆತ ವಾಸನೆ. ಕೆಂಪು ಮುಚ್ಚಳದ ಗಾಜಿನ ಜಾಡಿಗಳು ಸಾಲಾಗಿ ನಿಂತಿದ್ದವು. ಬನಿಯನ್ ತೊಟ್ಟ ಅಂಗಡಿ ಅಂಕಲ್ ಗೋಡಂಬಿ, ದ್ರಾಕ್ಷಿ, ಒಣಕೊಬ್ಬರಿ ತುರಿ ಪೊಟ್ಟಣ ಕಟ್ಟಿಕೊಟ್ಟ.

"ಡೇಟ್ಸ್ ಫಿನಿಶ್ ಆಲ್ರೆಡಿ," ಅಂದ. ಆಮೇಲೆ ಇನ್ನೊಂದು ಜಾಡಿ ತಟ್ಟಿದ. "ದಿಸ್ ಒನ್ ಆಲ್ಸೋ ಕ್ಯಾನ್. ಬ್ಲ್ಯಾಕ್, ಸಾಫ್ಟ್. ನೋ ಸೀಡ್ ಸಮ್ ಮೋರ್." ಸಾಲದ್ದಕ್ಕೆ ಬೀಜವೂ ಇಲ್ಲ ಎಂದು ಅದರರ್ಥ.

"ನೈಸ್ ಆ?" ಅಂದೆ.

"ವೆರಿ ನೈಸ್ ಲಾ. ಚಿಲ್ಡ್ರನ್ ಆಲ್ ಲೈಕ್." ಇಲ್ಲಿಯವರ ಇಂಗ್ಲಿಷಿನ ಬಾಲಕ್ಕೆ ಯಾವಾಗಲೂ ಒಂದು 'ಲಾ' ಇರುತ್ತದೆ.

ಅವನು ಸುಳ್ಳು ಹೇಳಲಿಲ್ಲ. ಸಿಹಿಯೇ ಎಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಕಪ್ಪಗೆ, ಸುಕ್ಕುಗಟ್ಟಿ, ಅಂಟಂಟಾಗಿದ್ದ ಆ ಹಣ್ಣು ನನ್ನ ಕಣ್ಣಿಗೆ ಖರ್ಜೂರದ ತಮ್ಮನಂತೆಯೇ ಕಂಡಿತು. ಮನೆಗೆ ಬಂದು ಪೊಟ್ಟಣ ಕೊಟ್ಟೆ. ಅಂಗಡಿಯಲ್ಲಿ ನಡೆದ ಸಂಭಾಷಣೆಯನ್ನು ಪೂರ್ತಿ ವರದಿ ಮಾಡಲಿಲ್ಲ. ಮತ್ತೆ ಮೆಟ್ಟಿಲಿಳಿಯಲು ಕಳಿಸುತ್ತಾಳೆಂಬ ಭಯ.

ಕೆಳಗಿನ ಮನೆಯವರಿಗೆ ಸದ್ದಾಗದಂತೆ ಗೋಣಿಚೀಲ ನಾಲ್ಕು ಮಡಿಕೆ ಮಾಡಿ ಹಾಸಿ, ಅದರ ಮೇಲೆ ಕಲ್ಲಿನ ಒರಳಿಟ್ಟು ಅಕ್ಕ ಕುಟ್ಟತೊಡಗಿದಳು. ನೆಲ ತಣ್ಣಗಿತ್ತು. ಕಿಟಕಿಯಲ್ಲಿ ಪಕ್ಕದ ದೇಶಕ್ಕೆ ಹೋಗುವ ಸೇತುವೆಯ ಕಡೆ ಸಾಲುಗಟ್ಟಿದ ಲಾರಿಗಳ ಗುರುಗುರು. ಗೋಡಂಬಿ ಪುಡಿಯಾಗಿ ಎಣ್ಣೆ ಬಿಟ್ಟಿತು, ದ್ರಾಕ್ಷಿ ನುರಿದು ಜೇನಿನಂತಾಯಿತು. ಕಪ್ಪು ಹಣ್ಣು ಬಿದ್ದಿದ್ದೇ ಎಲ್ಲವೂ ಒಂದನ್ನೊಂದು ತಬ್ಬಿಕೊಂಡು ಮುದ್ದೆಯಾಯಿತು. ಅವಳು ಏಲಕ್ಕಿ ಸಿಪ್ಪೆ ಬಿಡಿಸಿ ಹಾಕಿದಳು. ಏಲಕ್ಕಿಯ ಘಮದ ಹಿಂದೆ ಇನ್ನೊಂದು ವಾಸನೆ ಬರುತ್ತಿತ್ತು, ಕೆಮ್ಮಿನ ಔಷಧಿಯಂಥದ್ದು.

"ಹಳೇ ಖರ್ಜೂರ ಕೊಟ್ಟಿದಾನೆ ಅನ್ಸುತ್ತೆ," ಅಂದಳು. ನಾನು ಲಾರಿಗಳನ್ನು ಎಣಿಸುತ್ತಿದ್ದೆ.

ಸ್ವಲ್ಪ ಹೊತ್ತಿನ ಮೇಲೆ, ತಲೆ ಎತ್ತದೆ, "ಮೈಸೂರಿಗೆ ಹೋದ್ರೆ ನಾನ್ ವಾಪಸ್ ಬರಲ್ಲ ಕಣೋ. ಮದುವೆ ಮಾಡಿ ಅಲ್ಲೇ ಬಿಡ್ತಾರೆ. ಸ್ಕೂಲೂ ಅಷ್ಟೇ, ನೀನೂ ಅಷ್ಟೇ," ಅಂದಳು. ಅವಳು ಕುಟ್ಟುವುದನ್ನು ನಿಲ್ಲಿಸಲಿಲ್ಲ.

ಕೈಗೆ ತುಪ್ಪ ಸವರಿಕೊಂಡು ಇಪ್ಪತ್ತೊಂದು ಉಂಡೆ ಕಟ್ಟಿದಳು. ಕೊಬ್ಬರಿ ತುರಿಯಲ್ಲಿ ಉರುಳಿಸಿ ಬೆಳ್ಳಿತಟ್ಟೆಯಲ್ಲಿ ಜೋಡಿಸಿದಳು. ಅಷ್ಟು ಚೆಂದದ ಉಂಡೆಗಳನ್ನು ನಾನು ಮತ್ತೆ ನೋಡಿಲ್ಲ. ಆಮೇಲೆ ಸ್ನಾನಕ್ಕೆ ಹೋದಳು.

ಒರಳಿನ ತಳದಲ್ಲಿ ಒಂದಿಷ್ಟು ಮೆತ್ತಿಕೊಂಡಿತ್ತು. ನಾನು ಶಾಸನಗಳನ್ನೆಲ್ಲ ನೆನೆಸಿಕೊಂಡೆ. ನೆನೆಸಿಕೊಳ್ಳುತ್ತಲೇ ಬೆರಳು ಹಾಕಿ ನೆಕ್ಕಿದೆ.

ಉಪ್ಪು. ಅದರ ಹಿಂದೆಯೇ ಹುಳಿ. ಅದರ ಹಿಂದೆ ಗಂಟಲೊಳಗೆ ಇಳಿಯುವ ಒಂಥರಾ ಔಷಧಿ. ನನ್ನ ಒಂದು ಕಣ್ಣು ತನ್ನಷ್ಟಕ್ಕೆ ಮುಚ್ಚಿಕೊಂಡಿತು. ಅದು ಈ ಊರಿನ ಮಕ್ಕಳು ಬಾಯಲ್ಲಿಟ್ಟು ಚೀಪುವ ಉಪ್ಪುಹಾಕಿದ ಒಣ ಪ್ಲಮ್.

ಈಗ ನನ್ನ ಸ್ಥಿತಿಯನ್ನು ವಿಚಾರ ಮಾಡಿ. ಹೇಳಿದರೆ ನಾನು ರುಚಿ ನೋಡಿದ್ದು ಬಯಲಾಗುತ್ತದೆ, ಇಪ್ಪತ್ತೊಂದು ಉಂಡೆಯೂ ಎಂಜಲು, ದೇವಿಗೆ ಏನೂ ಇಲ್ಲ, ಅಕ್ಕ ಮೈಸೂರಿಗೆ. ಹೇಳದಿದ್ದರೆ ಅತ್ತೆ ತಿನ್ನುತ್ತಾರೆ, ಅಕ್ಕ ಮೈಸೂರಿಗೆ. ಯಾವ ದಾರಿ ಹಿಡಿದರೂ ಒಂದೇ ಊರು. ಎಂಟು ವರ್ಷದವನ ತಲೆಯ ಮೇಲೆ ಇಷ್ಟು ಧರ್ಮಸೂಕ್ಷ್ಮ ಹೇರಿದ ದೊಡ್ಡವರ ಮೇಲೆ ನನಗೆ ಅಂದು ಬಂದ ಸಿಟ್ಟು ಸಣ್ಣದಲ್ಲ.

ಅಕ್ಕ ಲಂಗ ಉಟ್ಟು, ಜಡೆ ಹೆಣೆದುಕೊಳ್ಳುತ್ತ ಬಂದಳು. ನಾನು ಬಚ್ಚಲ ಬಾಗಿಲಲ್ಲೇ ನಿಂತಿದ್ದೆ.

"ಅಕ್ಕ, ದೇವಿಗೆ ಉಪ್ಪು ಇಷ್ಟಾನಾ?"

ಅವಳ ಕೈ ಜಡೆಯಲ್ಲೇ ನಿಂತಿತು. ನನ್ನ ಮುಖ ನೋಡಿದಳು, ಒರಳು ನೋಡಿದಳು. ನಾನು ಅಂಗಡಿಯಿಂದ ಶುರುಮಾಡಿ ನಾಲಿಗೆಯವರೆಗೆ ಎಲ್ಲವನ್ನೂ ಒಪ್ಪಿಸಿದೆ. ಹೊಡೆಯುತ್ತಾಳೆಂದು ಕಣ್ಣು ಮುಚ್ಚಿಕೊಂಡೆ. ಹೊಡೆಯಲಿಲ್ಲ. ನೆಲದ ಮೇಲೆ ಕೂತಳು. ಗಡಿಯಾರ ನಾಲ್ಕೂ ಮುಕ್ಕಾಲು ತೋರಿಸುತ್ತಿತ್ತು.

"ತಟ್ಟೇದು ಮುಟ್ಟಿದ್ಯಾ?"

"ಇಲ್ಲ. ಒರಳಿಂದು."

"ಒರಳಲ್ಲಿ ಉಳಿದಿದ್ದು ನೈವೇದ್ಯ ಅಲ್ಲ. ತೊಳೆಯೋ ಪಾತ್ರೆ." ಇದು ಮೊದಲ ತೀರ್ಪು. "ಹೋದ್ಸಲ ಪ್ರಸಾದ ಕಹಿ ಅಂದಿದ್ದಕ್ಕೆ ಅತ್ತೆ ನಿನಗೆ ಏನಂದ್ರು?"

"ಪ್ರಸಾದದ ರುಚಿ ಆಡ್ಕೋಬಾರದು. ಉಗುಳಬಾರದು. ಮಿಗಿಸಬಾರದು."

"ಯಾರು ಅಂದಿದ್ದು?"

"ಅತ್ತೆ."

"ಸರಿ. ಹೋಗಿ ಬಾಯಿ ತೊಳ್ಕೊಂಡು ಬಾ."

ತಟ್ಟೆಯ ಪಕ್ಕ ಎರಡು ಬಾಳೆಹಣ್ಣನ್ನೂ ಇಟ್ಟಳು. ದೇವಿಯ ಗೊಂಬೆಯ ಮುಂದೆ ಬಗ್ಗಿ, "ನೀನು ಹಣ್ಣು ತಗೋ. ಉಂಡೆ ಅವರಿಗಿರಲಿ," ಎಂದು ಪಿಸುಗುಟ್ಟಿದಳು.

ಅತ್ತೆ ಐದನೇ ಮಹಡಿಯಿಂದ ಎರಡು ಮಹಡಿ ಹತ್ತಿ ಏದುಸಿರು ಬಿಡುತ್ತ ಬಂದರು. ಹಿಂದೆ ಇಬ್ಬರು ಆಂಟಿಯರು, ಅವರ ಹಿಂದೆ ಅಪ್ಪ. ಅತ್ತೆ ಗೊಂಬೆಗಳನ್ನು ನೋಡಿದರು, ಮೂಲೆಗಳ ಧೂಳು ನೋಡಿದರು, ತಣ್ಣಗಿದ್ದ ಒಲೆಯನ್ನು ಮುಟ್ಟಿ ನೋಡಿದರು. ಆರತಿಯಾಯಿತು. ಅಕ್ಕ ಒಬ್ಬೊಬ್ಬರ ಅಂಗೈಗೆ ಒಂದೊಂದು ಉಂಡೆ ಹಾಕಿದಳು.

ಅತ್ತೆ ಕಣ್ಣಿಗೊತ್ತಿಕೊಂಡು ಇಡೀ ಉಂಡೆಯನ್ನು ಬಾಯಿಗೆ ಹಾಕಿಕೊಂಡರು. ದವಡೆ ಎರಡು ಸಲ ಆಡಿತು, ನಿಂತಿತು. ಮೂಗಿನ ಹೊಳ್ಳೆ ಅರಳಿತು. ಕಣ್ಣಲ್ಲಿ ನೀರು ತುಂಬಿ, ಕುಂಕುಮ ಕೂಡ ಅಲುಗಿದಂತಾಯಿತು. ಅವರ ಬಾಯಲ್ಲಿದ್ದದ್ದು ಅವರದೇ ಶಾಸನ. ಉಗುಳುವಂತಿಲ್ಲ, ನುಂಗದೆ ವಿಧಿಯಿಲ್ಲ. ನುಂಗಿದರು. ಆಂಟಿಯರೂ ನುಂಗಿದರು. ಒಬ್ಬರು, "ಸ್ವಲ್ಪ ಡಿಫರೆಂಟಾಗಿದೆ," ಅಂದು ಅತ್ತೆಯ ಮುಖ ನೋಡಿ ತೆಪ್ಪಗಾದರು.

"ಇದಕ್ಕೆ ಏನೇನ್ ಹಾಕಿದೀಯಾ?" ಅಂದರು ಅತ್ತೆ, ನೀರು ಕುಡಿದು.

"ಗೋಡಂಬಿ, ದ್ರಾಕ್ಷಿ, ಏಲಕ್ಕಿ. ಅಂಗಡಿ ಅಂಕಲ್ ಕೊಟ್ಟ ಒಣಹಣ್ಣು."

"ನೀನು ರುಚಿ ನೋಡಿದ್ಯಾ?"

"ಇಲ್ಲ ಅತ್ತೆ. ನೋಡಬಾರದು ಅಂತ ನೀವೇ ಹೇಳಿದ್ರಲ್ಲ."

ಅಪ್ಪ ಅಷ್ಟರಲ್ಲಿ ತಮ್ಮ ಉಂಡೆ ಮುಗಿಸಿ ಅಕ್ಕನನ್ನೇ ನೋಡುತ್ತಿದ್ದರು. ಅವಳ ಅಂಗೈಯಲ್ಲಿ ಕುಟ್ಟಿ ಕುಟ್ಟಿ ಎದ್ದ ಬೊಬ್ಬೆಗಳಿದ್ದವು. ಅವರಿಗೆ ಏನು ಅರ್ಥವಾಯಿತೋ ನಾನರಿಯೆ. ಕೈ ಚಾಚಿ ಇನ್ನೊಂದು ಉಂಡೆ ಕೇಳಿ ಪಡೆದರು. ಅದನ್ನು ಜಗಿದು, ಗಂಟಲು ಸರಿಮಾಡಿಕೊಂಡು, ಜೀವಮಾನದಲ್ಲಿ ಮೊದಲ ಬಾರಿಗೆ ತಮ್ಮ ಅಕ್ಕನನ್ನು ಒಂದು ಪ್ರಶ್ನೆ ಕೇಳಿದರು.

"ಪ್ರಸಾದ ಹೇಗಿದೆ ಅಕ್ಕಯ್ಯ?"

"ಪ್ರಸಾದಕ್ಕೆ ಹೇಗಿದೆ ಅಂತ ಕೇಳ್ತಾರೇನೋ. ಚೆನ್ನಾಗಿಲ್ಲ ಅನ್ನೋಕಾಗುತ್ತಾ?"

"ಹಾಗಾದ್ರೆ ಹುಡುಗಿಗೆ ಬರುತ್ತೆ ಅಂತಾಯ್ತು. ಇಲ್ಲೇ ಇರಲಿ."

ಇಬ್ಬರು ಸಾಕ್ಷಿಗಳ ಮುಂದೆ ಅತ್ತೆ ತಮ್ಮ ಶಾಸನವನ್ನು ತಾವೇ ಮುರಿಯುವಂತಿರಲಿಲ್ಲ, ಇನ್ನೊಂದು ಲೋಟ ನೀರು ಕುಡಿದರು. ಅಕ್ಕ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ನಾನು ಹಿಂದೆಯೇ ಹೋದೆ. ಗೋಡೆಗೆ ಮುಖ ಮಾಡಿ ನಿಂತಿದ್ದಳು. ಭುಜ ಅಲುಗುತ್ತಿತ್ತು. ನಗುತ್ತಿದ್ದಾಳೆಂದುಕೊಂಡು ನಾನೂ ನಗಲು ಹೋದೆ. ನಗುತ್ತಿರಲಿಲ್ಲ.

ಅಕ್ಕ ಇಲ್ಲೇ ಓದಿದಳು. ತಿಂಗಳೆರಡು ಕಳೆದು ಅಮ್ಮನೂ ಬಂದಳು. ಈ ಕಥೆ ಹೇಳಿದಾಗಲೆಲ್ಲ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, ಅಕ್ಕನ ಜಾಣತನ ಹೊಗಳುತ್ತಾರೆ. ನನಗೆ ಮಾತ್ರ ಕೋಪವೇ ಬರುತ್ತದೆ. ಸ್ವಂತ ಮನೆಯಲ್ಲಿ ಇರುವುದಕ್ಕೆ ಹನ್ನೆರಡು ವರ್ಷದ ಹುಡುಗಿ ಯಾಕೆ ಜಾಣೆಯಾಗಬೇಕಿತ್ತು? ಆ ದಿನ ಖರ್ಜೂರ ಸಿಕ್ಕಿ ಉಂಡೆ ಬರೀ ಸಾಧಾರಣವಾಗಿದ್ದಿದ್ದರೆ ಅವಳು ಗೆಲ್ಲುತ್ತಿದ್ದಳೇ? ದೊಡ್ಡವರ ಬಾಯಿ ಕಟ್ಟಿಹಾಕಲು ಅಷ್ಟು ಉಪ್ಪು ಬೇಕಾಯಿತು.

ಮೊನ್ನೆ ಭಾನುವಾರ, ಈ ಬುಕಿತ್ ಬಾಟೋಕ್ ಮನೆಯಲ್ಲಿ ನೀವಿಬ್ಬರೂ ಫೋನ್ ನೋಡಿಕೊಂಡು ಎನರ್ಜಿ ಬಾಲ್ ಮಾಡಿದಿರಿ. ಯಂತ್ರ ಗರ್ರೆಂದಿತು, ನಿಮ್ಮ ಕೈ ನೋಯಲಿಲ್ಲ. ಪ್ರತಿ ಚಮಚಕ್ಕೂ ಒಮ್ಮೆ ರುಚಿ ನೋಡಿದಿರಿ. ಚಿಕ್ಕವನು ಉಂಡೆ ಕಟ್ಟಿದ, ದೊಡ್ಡವಳು ಸೋಫಾದಲ್ಲಿ ಕೂತು ಆಜ್ಞೆ ಮಾಡಿದಳು. ಅಷ್ಟೆಲ್ಲ ಆಗಿ ಫ್ರಿಜ್ಜಿನಿಂದ ಹೊರಬಂದದ್ದು ಕ್ರಿಕೆಟ್ ಆಡಬಹುದಾದ ವಸ್ತು. ನಿಮ್ಮಪ್ಪ ಚೆನ್ನಾಗಿಲ್ಲ ಅಂದ. ನಿಮ್ಮಮ್ಮ ಒಂದನ್ನು ಕಚ್ಚಿ ಕಸದ ಬುಟ್ಟಿಗೆ ಹಾಕಿದಳು. ನನ್ನ ಕಟ್ಟಿಸಿದ ಹಲ್ಲಿನ ಬಗ್ಗೆ ನಾನೂ ನಾಲ್ಕು ಮಾತಾಡಿದೆ.

"ಸೋ ಫಸ್ಸಿ ಲಾ ತಾತ," ಅಂದಳು ದೊಡ್ಡವಳು. ಚಿಕ್ಕವನು ಬಿದ್ದು ಬಿದ್ದು ನಕ್ಕ.

ಆಮೇಲೆ ಇಬ್ಬರೂ ಪಾತ್ರೆಗಳನ್ನು ಹಾಗೇ ಬಿಟ್ಟು ನಿಮ್ಮ ಕೋಣೆಗೆ ಹೋಗಿ, ಕಾಲು ಗೋಡೆಗೆ ಚಾಚಿಕೊಂಡು ಮಲಗಿ ಆಡತೊಡಗಿದಿರಿ. ಉಂಡೆ ಕೆಟ್ಟಿತೆಂದು ನಿಮ್ಮನ್ನು ಯಾವ ಊರಿಗೂ ಕಳಿಸುವವರಿರಲಿಲ್ಲ. ಆ ಪಾತ್ರೆಗಳನ್ನು ತೊಳೆದವನು ನಾನು. ತೊಳೆಯುತ್ತ ನಿಮ್ಮ ಕೋಣೆಯ ಗದ್ದಲ ಕೇಳಿಸಿಕೊಂಡೆ, ನಿಮ್ಮನ್ನು ಬೈದುಕೊಂಡೆ, ಮತ್ತು ಬಾಗಿಲು ಹಾಕಿಕೊಳ್ಳಿ ಎಂದು ಮಾತ್ರ ಹೇಳಲಿಲ್ಲ.