ಅಕ್ಕನಿಗೆ ಬಂದ ಓರಗಿತ್ತಿ

ನಮ್ಮ ಮನೆಯಲ್ಲಿ ಕಣ್ಣು ಹಂಚುವಾಗಲೇ ಅನ್ಯಾಯವಾಯಿತು. ಒಳ್ಳೆಯ ಜೋಡಿ ಅಕ್ಕನಿಗೆ ಹೋಯಿತು. ನನಗೆ ಸಿಕ್ಕದ್ದು ಕನ್ನಡಕ ಕೂರಿಸಲು ಜಾಗವಿರಲಿ ಎಂದು ಕೊಟ್ಟಂಥವು. ಅಮ್ಮನ ಕೈಯಿಂದ ಸೂಜಿ ಜಾರಿ ಬಿದ್ದರೆ ಮನೆಮಂದಿಯೆಲ್ಲ ನಿಂತಲ್ಲೇ ನಿಂತು ಅಕ್ಕನನ್ನು ಕೂಗಬೇಕು. ಅವಳು ಬಾಗಿಲಲ್ಲೇ ನಿಂತು, "ಕುರ್ಚಿ ಕಾಲಿನ ಹಿಂದೆ" ಎನ್ನುವಳು. ಅಷ್ಟು ಹೊತ್ತೂ ನಾನು ಆ ಕುರ್ಚಿಯ ಮೇಲೇ ಕೂತು ಹುಡುಕುತ್ತಿದ್ದವನು. ಕಾಳಿನಲ್ಲಿನ ಕಲ್ಲು, ನನ್ನ ತಲೆಯ ಹೇನು, ನನ್ನ ಮಾತಿನ ಸುಳ್ಳು, ಯಾವುದೂ ಅವಳ ಕಣ್ಣು ತಪ್ಪಿಸಿ ಹೋದದ್ದಿಲ್ಲ.

ದೊಡ್ಡವನಾದ ಮೇಲೆ ನಾನು ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದೆ. ಮೂರು ಸಲ ತಿದ್ದಿ, ಎದೆಯುಬ್ಬಿಸಿ ಮನೆಗೆ ತಂದ ಮೊದಲ ಪುಸ್ತಕವನ್ನು ಅಕ್ಕ ಊಟ ಮಾಡುತ್ತಲೇ ತಿರುವಿ, "ಲೇ, ಮೊದಲನೇ ಪುಟದಲ್ಲೇ ಬರೆದೋನ ಹೆಸರು ತಪ್ಪಾಗಿದೆಯಲ್ಲೋ" ಎಂದಳು. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅಕ್ಕನ ಹೊಟ್ಟೆಕಿಚ್ಚಿನ ಕತೆ ಹೇಳಲು ಹೊರಟವನ ಹೊಟ್ಟೆಯಲ್ಲೂ ನಲವತ್ತು ವರ್ಷಗಳಿಂದ ಆರದ ಒಲೆಯೊಂದಿತ್ತೆಂದು ಓದುವವರಿಗೆ ಗೊತ್ತಿರಬೇಕು.

ಅಪ್ಪ ಹೋದದ್ದು ದೊಡ್ಡ ಕರುಳಿನ ಕ್ಯಾನ್ಸರಿನಿಂದ. "ಶುರುವಿನಲ್ಲಿ ಇದು ಕರುಳಿನ ಗೋಡೆಯ ಮೇಲೆ ಸಣ್ಣದೊಂದು ಗಂಟು ಅಷ್ಟೇ. ಪಾಲಿಪ್ ಅಂತೀವಿ. ಆಗಲೇ ಯಾರಾದರೂ ನೋಡಿದ್ದರೆ ಕಿತ್ತು ಹಾಕಬಹುದಿತ್ತು" ಎಂದು ಆಗಿನ ಡಾಕ್ಟರು ಹೇಳಿದ್ದರು. ನಾನು ಅದನ್ನು ಕೇಳಿ ಅತ್ತೆ. ಅಕ್ಕ ಅದನ್ನು ತನಗೆ ಒಪ್ಪಿಸಿದ ಕೆಲಸವೆಂದು ತಿಳಿದಳು. ನರ್ಸಿಂಗ್ ಓದಿ, ಬೇರೆ ನರ್ಸುಗಳೆಲ್ಲ ಮೂಗು ಮುಚ್ಚಿಕೊಂಡು ದೂರ ಸರಿಯುವ ಕೊಲೊನೋಸ್ಕೋಪಿ ಕೋಣೆಯನ್ನೇ ಕೇಳಿ ಪಡೆದಳು.

ಕಿಟಕಿಯಿಲ್ಲದ ಕೋಣೆ. ಒಂದು ಮಂಚ, ಒಂದು ತಳ್ಳುಗಾಡಿ, ಗೋಡೆಗೆ ದೊಡ್ಡ ಪರದೆ, ಮೂಲೆಯಲ್ಲಿ ನೀರು ಕಾಯಿಸುವ ಕೆಟಲ್. ತುದಿಯಲ್ಲಿ ದೀಪ ಮತ್ತು ಕ್ಯಾಮೆರಾ ಇರುವ ಕಪ್ಪು ಕೊಳವೆಯನ್ನು ಡಾಕ್ಟರು ರೋಗಿಯ ಹಿಂಬಾಗಿಲಿನಿಂದ ಕರುಳಿನ ತುದಿಯವರೆಗೆ ಸಾಗಿಸಿ, ಆಮೇಲೆ ನಿಧಾನಕ್ಕೆ ಹಿಂದಕ್ಕೆಳೆಯುತ್ತಾ ಪರದೆ ನೋಡುತ್ತಾರೆ. ಅಕ್ಕ ಒಂದು ಕೈ ರೋಗಿಯ ಹೊಟ್ಟೆಯ ಮೇಲಿಟ್ಟು ತಾನೂ ನೋಡುತ್ತಾಳೆ. ಏನಾದರೂ ಕಂಡರೆ ಒಂದೇ ಮಾತು: "ನಿಲ್ಲಿ." ಡಾಕ್ಟರ ಕೈ ನಿಲ್ಲುತ್ತದೆ.

ಅವರಿಬ್ಬರ ನಡುವೆ ಒಂದು ಪಂದ್ಯವಿತ್ತು. ಪಾಲಿಪನ್ನು ಮೊದಲು ಯಾರು ಕಂಡರೋ ಅವರಿಗೆ ಇನ್ನೊಬ್ಬರು ಚಹಾ ಮಾಡಿಕೊಡಬೇಕು. ಇಪ್ಪತ್ತೆರಡು ವರ್ಷ ಡಾಕ್ಟರೇ ಚಹಾ ಮಾಡಿದರು. ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರು ಲೋಟ ತೊಳೆದು ನರ್ಸು ಕೂತು ಕುಡಿಯುವ ವಿಭಾಗ ಅದೊಂದೇ ಇದ್ದೀತು. ಅಕ್ಕನಿಗೆ ಕೆಟಲ್‌ನ ಸ್ವಿಚ್ಚು ಯಾವ ಕಡೆಗಿದೆ ಎಂಬುದೂ ಗೊತ್ತಿರಲಿಲ್ಲ.

ಹಾಗಿರುವಾಗ ಆ ಪೆಟ್ಟಿಗೆ ಬಂತು.

ಪರದೆಯ ಪಕ್ಕದಲ್ಲಿ ಕೂರಿಸಿದ, ಟಿಫಿನ್ ಡಬ್ಬಿಗಿಂತ ಸ್ವಲ್ಪ ದೊಡ್ಡದಾದ ಕೃತಕ ಬುದ್ಧಿಮತ್ತೆಯ ಯಂತ್ರ. ಲಕ್ಷಗಟ್ಟಲೆ ಕರುಳುಗಳ ಚಿತ್ರ ನೋಡಿ ಪಾಲಿಪ್ ಗುರುತಿಸಲು ಕಲಿತದ್ದಂತೆ. ಅನುಮಾನ ಬಂದ ಜಾಗದ ಸುತ್ತ ಪರದೆಯ ಮೇಲೆ ಹಸಿರು ಚೌಕ ಬಿಡಿಸಿ, 'ಟಿಣ್' ಎನ್ನುತ್ತದೆ. ಮೊದಲ ದಿನ, ಮೊದಲ ರೋಗಿ. ಅಕ್ಕ "ನಿ" ಎನ್ನುವಷ್ಟರಲ್ಲಿ ಅದು ಟಿಣ್ ಎಂದಿತು. ಡಾಕ್ಟರು "ಭಲೇ!" ಎಂದರು.

ಅಕ್ಕ ಮನೆಗೆ ಬಂದು ಚಪ್ಪಲಿಯನ್ನು ಎಡವೊಂದು ಕಡೆ ಬಲವೊಂದು ಕಡೆ ಎಸೆದಳು.

"ಇಪ್ಪತ್ತೆರಡು ವರ್ಷ! ನನಗೆ ಒಂದು ದಿನ ಭಲೇ ಅಂದಿದ್ದಾರಾ ಕೇಳು. ನಿನ್ನೆ ಮೊನ್ನೆ ಬಂದ ಸವತಿಗೆ ಭಲೇನಂತೆ!"

ಭಾವ ಪತ್ರಿಕೆಯಿಂದ ತಲೆಯೆತ್ತದೆ ಕೇಳಿದ: "ಅದು ಸವತಿ ಆದ್ರೆ ಗಂಡ ಯಾರೇ? ಡಾಕ್ಟ್ರಾ?"

ಮಾರನೆಯ ದಿನದಿಂದ ಯಂತ್ರಕ್ಕೆ ಓರಗಿತ್ತಿಯ ಸ್ಥಾನ ಸಿಕ್ಕಿತು. ಒಂದೇ ಅಡುಗೆಮನೆ, ಇಬ್ಬರು ಸೊಸೆಯರು, ಹೊಗಳುವ ಮಾವ ಒಬ್ಬನೇ. ಲೆಕ್ಕ ಸರಿಹೋಯಿತು.

ನನ್ನ ಪಾಲಿಗೆ ಅದು ಸುಗ್ಗಿ. ನಲವತ್ತು ವರ್ಷ ನನ್ನನ್ನು ಸುಟ್ಟ ಬೆಂಕಿ ಈಗ ಅಕ್ಕನ ಸೆರಗಿಗೆ ತಗುಲಿತ್ತು. ನೆಪ ಮಾಡಿಕೊಂಡು ಅವಳ ಮನೆಗೆ ಹೋಗಿ, ದನಿಗೆ ಜೇನು ಸವರಿ ಕೇಳುತ್ತಿದ್ದೆ: "ಹೇಗಿದ್ದಾಳೆ ಅಕ್ಕ ನಿನ್ನ ಓರಗಿತ್ತಿ? ಇವತ್ತು ಎಷ್ಟು ಕಂಡುಹಿಡಿದಳು?"

"ನೀನು ಬಂದಿದ್ದು ಕೇಳೋಕಾ, ನೋಡಿ ಸಂತೋಷ ಪಡೋಕಾ?"

ಕಣ್ಣು ಅಂದರೆ ಕಣ್ಣು.

ಆದರೆ ಸುಮ್ಮನೆ ಸೋಲುವ ಜಾತಿಯಲ್ಲ ಅವಳು. ವಾರದೊಳಗೆ ಓರಗಿತ್ತಿಯ ಹುಳುಕು ಪತ್ತೆಯಾಯಿತು. ಕರುಳೊಳಗೆ ಬಿಟ್ಟ ನೀರಿನಲ್ಲಿ ಗುಳ್ಳೆ ಎದ್ದರೂ ಅದು ಟಿಣ್ ಎನ್ನುತ್ತಿತ್ತು. ಗೋಡೆಯ ಮಡಿಕೆ ಕಂಡರೂ ಟಿಣ್. ಆಗೆಲ್ಲ ಅಕ್ಕ, ಮದುವೆಮನೆಯಲ್ಲಿ ಹೊಸ ಸೊಸೆ ಲೋಟ ಬೀಳಿಸಿದಾಗ ಹಿರಿ ಸೊಸೆ ನಗುವ ಹಾಗೆ ನಕ್ಕು, "ಗುಳ್ಳೆ!" ಎನ್ನುವಳು. ಡಾಕ್ಟರಿಗೂ ನಗು. ತಿಂಗಳಾಗುವಷ್ಟರಲ್ಲಿ ಟಿಣ್ ಎಂದ ಕೂಡಲೇ ಇಬ್ಬರೂ ಒಟ್ಟಿಗೆ "ಗುಳ್ಳೆ" ಎನ್ನತೊಡಗಿದರು. ಮೂರು ತಿಂಗಳಿಗೆ ಅದು ಡಾಕ್ಟರ ಬಾಯಿಗೆ ಅಂಟಿಕೊಂಡಿತು. ಅಕ್ಕ ಮತ್ತೆ ಕಾಲು ಚಾಚಿ ಚಹಾ ಕುಡಿಯತೊಡಗಿದಳು.

ಅಷ್ಟರಲ್ಲಿ ನನ್ನ ಸರದಿ ಬಂತು. ಅಪ್ಪನಿಗೆ ಆ ರೋಗವಿದ್ದುದರಿಂದ ಮಕ್ಕಳು ಬೇಗ ಪರೀಕ್ಷೆ ಮಾಡಿಸಿಕೊಳ್ಳಬೇಕು. ಅಕ್ಕ ತನ್ನದನ್ನು ಎಂದೋ ಮುಗಿಸಿದ್ದಳು. ನಾನು ಎಂಟು ವರ್ಷ ನೆಗಡಿ, ಕೆಲಸ, ನೆಗಡಿ ಎಂದು ತಳ್ಳುತ್ತಾ ಬಂದಿದ್ದೆ. ಭಯವೆಂದು ಹೇಳಲು ನಾಚಿಕೆ. ಕೊನೆಗೆ ಅಕ್ಕ ತಾನೇ ದಿನ ಗೊತ್ತು ಮಾಡಿ, ಕರುಳು ತೊಳೆಯುವ ಔಷಧಿಯನ್ನು ನನ್ನ ಮುಂದಿಟ್ಟು, ಕುಡಿದು ಮುಗಿಸುವವರೆಗೆ ಕಾವಲು ಕೂತಳು. ಆಮೇಲೆ ಕಾವಲಿನ ಅಗತ್ಯ ಬೀಳಲಿಲ್ಲ. ನಾನಿದ್ದ ಕೋಣೆ ಯಾವುದೆಂದು ಮನೆಗೆಲ್ಲ ಗೊತ್ತಿತ್ತು.

ಮಂಚದ ಮೇಲೆ ಮಗ್ಗುಲಾಗಿ ಮಲಗಿಸುವಾಗ ನಾನು ಮೆಲ್ಲಗೆ ಕೇಳಿದೆ: "ಅಕ್ಕ, ಓರಗಿತ್ತೀನ ಆನ್ ಮಾಡಿದ್ದೀರಾ?"

"ಯಾಕೆ, ನನ್ನ ಕಣ್ಣು ಸಾಲದಾ?"

ತಮಾಷೆ ಮಾಡೋಣವೆಂದು ಬಾಯಿ ತೆರೆದರೆ ಬೇರೆಯದೇ ಬಂತು. "ಅಪ್ಪನ ಹಾಗೆ ಆಗೋದು ಬೇಡ ಅಂತ."

ಅಕ್ಕ ಹೊದಿಕೆ ಸರಿಮಾಡಿ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟಳು.

ಸೂಜಿಯ ಮದ್ದಿಗೆ ಅರೆನಿದ್ದೆ. ಆದರೂ ಪರದೆ ಕಾಣುತ್ತಿತ್ತು. ಗುಲಾಬಿ ಬಣ್ಣದ ಸುರಂಗ, ಗೋಡೆಯ ಮೇಲೆ ಎಲೆಯ ನರಗಳಂಥ ತೆಳು ಕೆಂಪು ಗೆರೆಗಳು. ನನಗೆ ಸೇರಿದ ಜಾಗವೊಂದು ಇಷ್ಟು ಚೊಕ್ಕಟವಾಗಿರಬಲ್ಲದೆಂದು ನನ್ನ ಹೆಂಡತಿ ನಂಬಲಾರಳು. ಕೊಳವೆ ತುದಿ ಮುಟ್ಟಿ ಹಿಂದಕ್ಕೆ ಹೊರಟಿತು.

ಟಿಣ್. "ಗುಳ್ಳೆ," ಎಂದರು ಇಬ್ಬರೂ. ನಿಜಕ್ಕೂ ಗುಳ್ಳೆಯೇ.

ಸ್ವಲ್ಪ ಮುಂದೆ ಮತ್ತೆ ಟಿಣ್. ಬರಿಯ ಗೋಡೆಯ ಮೇಲೆ ಹಸಿರು ಚೌಕ ಮಿಂಚಿ ಮಾಯವಾಯಿತು. "ಗುಳ್ಳೆ" ಎಂದು ಡಾಕ್ಟರು ಕೊಳವೆ ಎಳೆದರು.

ಈ ಸಲ ಒಂದೇ ದನಿ ಕೇಳಿತು. ಹೊಟ್ಟೆಯ ಮೇಲಿದ್ದ ಅಕ್ಕನ ಬೆರಳುಗಳು ಬಿಗಿಯಾದವು.

"ನಿಲ್ಲಿ."

"ಏನ್ ಸಿಸ್ಟರ್? ಏನೂ ಇಲ್ವಲ್ಲ."

"ವಾಪಸ್ ಹೋಗಿ ಡಾಕ್ಟ್ರೇ. ಅವಳು ಹೇಳಿದ್ದು ಸರಿ ಇದೆ."

"ಯಾವಳು?"

"ಇನ್ಯಾವಳು, ಆ ಪೆಟ್ಟಿಗೆ! ಅಲ್ಲಿ ಗೆರೆ ಕಡಿದುಹೋಗಿದೆ, ನೋಡಿ."

ಕೊಳವೆ ಮತ್ತೆ ಒಳಗೆ ಸರಿಯಿತು. ಗೋಡೆಯ ಕೆಂಪು ಗೆರೆಗಳು ಒಂದು ಜಾಗದಲ್ಲಿ ತಟ್ಟನೆ ನಿಂತು, ಅಂಗಿಯ ಗುಂಡಿಯಗಲದಷ್ಟು ದಾಟಿ ಮತ್ತೆ ಶುರುವಾಗಿದ್ದವು. ನೀರು ಚಿಮ್ಮಿಸಿ ಅಲ್ಲಿನ ಲೋಳೆ ತೊಳೆದಾಗ, ಗೋಡೆಯದೇ ಬಣ್ಣದ, ಗೋಡೆಗೇ ಅಂಟಿ ಮಲಗಿದ್ದ ಚಪ್ಪಟೆ ಪಾಲಿಪ್ ಕಂಡಿತು. ಡಾಕ್ಟರು ತಂತಿಯ ಕುಣಿಕೆ ಹಾಕಿ ಅದನ್ನು ಕೊಯ್ದು ತೆಗೆದು, ಬೆವರು ಒರೆಸಿಕೊಂಡರು.  ಓರಗಿತ್ತಿ ಮತ್ತೆ ಟಿಣ್ ಎನ್ನಲಿಲ್ಲ.

ಆಮೇಲೆ ಅಕ್ಕ ನನ್ನನ್ನು ಮಂಚಸಮೇತ ಕಿಟಕಿಯಿದ್ದ ಹೊರಕೋಣೆಗೆ ತಳ್ಳಿಕೊಂಡು ಬಂದು ಪಕ್ಕದಲ್ಲಿ ಕೂತಳು.

"ನಾನು ನೋಡಿರಲಿಲ್ಲ ಕಣೋ. ಅದು ತೋರಿಸಿದ ಮೇಲೇ ನನಗೆ ಗೆರೆ ಕಂಡಿದ್ದು."

"ಹೋಗಲಿ ಬಿಡು ಅಕ್ಕ."

"ಏನ್ ಹೋಗಲಿ ಬಿಡು? ಆ ಡಾಕ್ಟ್ರಿಗೆ ಗುಳ್ಳೆ ಅನ್ನೋದು ಕಲಿಸಿದ್ದು ಯಾರು? ನಾನು. ನನ್ನ ಬಾಯಿಂದ ಕಲಿತು ನಿನ್ನದನ್ನೇ ಬಿಟ್ಟು ಹೋಗ್ತಿದ್ರು." ಅವಳು ಮೂಗು ಸೀಟಿದಳು. "ಸುಮ್ಮನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ನಿನಗೂ ಗೊತ್ತಾಗ್ತಿರಲಿಲ್ಲ. ಒಂದು ಕ್ಷಣ ಸುಮ್ಮನಿದ್ದೆ ಕೂಡ."

ಆ ಒಂದು ಕ್ಷಣವನ್ನು ಅವಳು ಹೇಳದಿದ್ದರೆ ನನಗೆ ಕಾಣುತ್ತಿರಲಿಲ್ಲ. ಎಂದಿನಂತೆ. ವಾರದ ಮೇಲೆ ಬಂದ ವರದಿಯಲ್ಲಿ ಕ್ಯಾನ್ಸರ್ ಅಲ್ಲ, ಬಿಟ್ಟಿದ್ದರೆ ಮುಂದೆ ಆಗಬಹುದಾದ ಜಾತಿಯದು ಎಂದಿತ್ತು.

ಆ ದಿನ ನಾವಿಬ್ಬರೂ ಹೀಗೆ ಕೂತಿದ್ದಾಗಲೇ ಡಾಕ್ಟರು ಬಾಗಿಲಿನಿಂದ ಇಣುಕಿದರು. "ಸಿಸ್ಟರ್, ಪಂದ್ಯದ ವಿಷಯ. ಇವತ್ತು ಗೆದ್ದಿದ್ದು ಅದು. ಅದಂತೂ ಚಹಾ ಕುಡಿಯಲ್ಲ. ಸೋತ ನಮ್ಮಿಬ್ಬರಲ್ಲಿ ಮಾಡೋದು ಯಾರು?"

ಅಕ್ಕ ಎದ್ದಳು. "ನಾನೇ ಮಾಡ್ತೀನಿ. ಆದ್ರೆ ನಿಲ್ಲಿ ಅಂದಿದ್ದು ನಾನು, ಅದು ನೆನಪಿರಲಿ. ಅದಕ್ಕೆ ಟಿಣ್ ಅನ್ನೋದು ಬಿಟ್ರೆ ಮಾತು ಬರುತ್ತಾ?"

ಕೆಟಲ್‌ನ ಸ್ವಿಚ್ಚು ಹುಡುಕಲು ಅವಳಿಗೆ ಐದು ನಿಮಿಷ ಬೇಕಾಯಿತು. ಬರುವಾಗ ಪೆಟ್ಟಿಗೆಯ ಮುಂದೆ ನಿಂತು, ಅದರ ಮೇಲಿನ ಧೂಳನ್ನು ಒರೆಸಿದಳು. ಪ್ರೀತಿಯಿಂದಲ್ಲ, ಓರಗಿತ್ತಿಯ ಮಗುವಿನ ಮೂಗು ಒರೆಸುವ ಹಾಗೆ, ಸ್ವಲ್ಪ ಜೋರಾಗಿಯೇ.

ನನಗೂ ಒಂದು ಲೋಟ ಸಿಕ್ಕಿತು. ಒಂದು ದಿನದಿಂದ ಖಾಲಿಯಿದ್ದ ಹೊಟ್ಟೆ. ಒಂದು ಗುಟುಕು ಕುಡಿದೆ. ಸಕ್ಕರೆಯೇ ಇರಲಿಲ್ಲ. ಜನ್ಮದಲ್ಲಿ ಮೊದಲ ಸಲ ಅಕ್ಕನ ತಪ್ಪೊಂದು ಅವಳಿಗಿಂತ ಮೊದಲು ನನಗೆ ಕಂಡಿತ್ತು. ನಲವತ್ತು ವರ್ಷ ಕಾದಿದ್ದ ಗಳಿಗೆ. ಹೇಳಲಿಲ್ಲ. ಮುಖ ಸಿಂಡರಿಸದೆ ಇನ್ನೊಂದು ಗುಟುಕು ನುಂಗಿದೆ.

ಅಕ್ಕ ಬೆನ್ನು ತಿರುಗಿಸಿ ಡಾಕ್ಟರಿಗೆ ಲೋಟ ಕೊಡುತ್ತಿದ್ದವಳು, ಎದುರಿನ ಕಿಟಕಿಯ ಗಾಜಿನಲ್ಲಿ ನನ್ನನ್ನು ನೋಡಿ ಹೇಳಿದಳು:

"ಸಕ್ಕರೆ ಹಾಕಿಲ್ಲ ಅಂತ ಬಾಯಿಬಿಟ್ಟು ಹೇಳೋಕೆ ಏನೋ ನಿನಗೆ?"