ಎಲೆನಿಯ ಅಮ್ಮನಿಗೊಂದು ಕ್ಯಾಂಡಲ್
"ಮತ್ರಾ, ಮತ್ರಾ!" ಗಲ್ಫಿನ ರೂವಿ ಬಸ್‌ಸ್ಟ್ಯಾಂಡಿನ ಟ್ಯಾಕ್ಸಿಯವರು ಪಕ್ಕದ ಊರಿಗೆ ಜನ ಕರೆಯುವ ಆ ಕೂಗು ಇನ್ನೂ ನನ್ನ ಕಿವಿಯಲ್ಲಿದೆ. ದೂರದ ಸೊಹಾರಿಗೆ ಟ್ರಾನ್ಸ್‌ಫರ್ ಆಗಿದ್ದ ಗ್ರೀಕ್ ಗೆಳತಿ ಎಲೆನಿಯನ್ನು ಬಸ್ಸು ಹತ್ತಿಸಲು ನಾನೂ ನನ್ನವರೂ ಹೋಗಿದ್ದೆವು. ಅವಳ ಊರು ಥೆಸಲೋನಿಕಿಗೆ ಮೊದಲ ಸಲ ಹೊರಟಿದ್ದ ನನಗೆ ಅವಳು ಟಿಪ್ಸ್ ಕೊಡುತ್ತಿದ್ದಳು.

"ಫ್ಲಾಟ್ ಶೂಸ್ ಹಾಕು, ಹಳೇ ಕಲ್ಲುಗಳು ಜಾರುತ್ತವೆ. ಗುಡ್ಡದ ಮೇಲಿನ ಕೋಟೆಗೆ ಬಸ್ಸಿನಲ್ಲಿ ಹೋಗು, ಇಳಿಯುವಾಗ ನಡೆ. ಚರ್ಚಿನಲ್ಲಿ ನನ್ನ ಅಮ್ಮನಿಗೊಂದು ಕ್ಯಾಂಡಲ್ ಹಚ್ಚಿ ಅಲ್ಲೇ ನಿಲ್ಲು, ಡಿಯರ್. ನೀನು ತಿರುಗಿದರೆ ಸಾಕು, ಬೇರೆಯವರ ಕ್ಯಾಂಡಲಿಗೆ ಜಾಗ ಬೇಕೆಂದು ಚರ್ಚಿನವರು ಅರ್ಧ ಉರಿದದ್ದನ್ನೇ ಕಿತ್ತುಬಿಡುತ್ತಾರೆ."

ಅಮ್ಮನ ಫ್ಯೂನರಲ್‌ಗೆ ಅವಳಿಗೆ ರಜೆ ಸಿಕ್ಕಿರಲಿಲ್ಲ.

"ಕ್ಯಾಂಡಲಿಗೆ ವಾಚ್‌ಮನ್ ಆಗ್ಲಿಕ್ಕೆ ಅಷ್ಟು ದೂರವಾ ಮಾರಾಯ್ತಿ?" ನನ್ನವರು ನಕ್ಕರು.

"ಹೌದು. ಪೂರ್ತಿ ಉರಿಯುವವರೆಗೆ ನಾನು ನಿಲ್ತೇನೆ. ನೀವು ಬೇಕಾದ್ರೆ ಹೊರಗೆ ಕಾಫಿ ಕುಡೀರಿ," ಎಂದೆ ನಾನು.

ಬಸ್ಸು ಹೊರಟಿತು. ಎಲೆನಿ ಕಿಟಕಿಯಲ್ಲಿ ಎರಡು ಬೆರಳು ಅಗಲಿಸಿ ಕ್ಯಾಂಡಲಿನ ಎತ್ತರ ತೋರಿಸಿದಳು. ಆಮೇಲೆ ನಿಧಾನವಾಗಿ, ತೀರಾ ನಿಧಾನವಾಗಿ, ಬೆರಳುಗಳನ್ನು ಕೂಡಿಸಿದಳು. ಅವಳನ್ನು ನಾನು ಕಡೆಯ ಸಲ ನೋಡಿದ್ದು ಹಾಗೆ.