ಲ್ಯಾಪ್‌ಟಾಪಿನ ಎರಡು ಒಟ್ಟೆ

ನನ್ನ ತಂಗಿ ತನ್ನ ಲ್ಯಾಪ್‌ಟಾಪಿನ ಎಡಬದಿಯಲ್ಲಿರುವ ಎರಡು ಒಟ್ಟೆಗಳ ವ್ಯತ್ಯಾಸ ಹೇಳಿಕೊಟ್ಟಾಗ ನನಗೆ ಅರ್ಥವಾಗಿರಲಿಲ್ಲ. ಅರ್ಥವಾಗಲಿಲ್ಲ ಎಂದು ನಾನು ಬಾಯಿಬಿಟ್ಟು ಹೇಳಲಿಲ್ಲ. ಅಷ್ಟು ಹೇಳಿದ್ದರೆ ಸಾಕಿತ್ತು.

ಒಟ್ಟೆ ಎಂದರೆ ತೂತು. ನಮ್ಮ ಕರಾವಳಿ ಕಡೆಯ ಮಾತು. ತಂಗಿ ಅದನ್ನು ಪೋರ್ಟ್ ಎನ್ನುತ್ತಿದ್ದಳು. ನಮ್ಮೂರಲ್ಲಿ ಪೋರ್ಟ್ ಎಂದರೆ ಹಡಗು ಬರುವ ಜಾಗ. ನನ್ನ ಬಾಯಿಗೆ ಆ ಪದ ಬರಲಿಲ್ಲ. ಕೊನೆಗೆ ಅವಳೂ ನನ್ನ ಜೊತೆ ಒಟ್ಟೆ ಎಂದೇ ಹೇಳತೊಡಗಿದಳು.

ಅವಳು ಪರದೇಶದ ಬಾಥೆಲ್ ಊರಲ್ಲಿ, ಕ್ಯಾನ್ಯನ್ ಪಾರ್ಕಿನ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಳು. ಕೈಯಿಂದ ಗಾಜಿನ ಕೊಳವೆಗಳು ಜಾರತೊಡಗಿದಾಗ ಡಾಕ್ಟರ್ ನರಗಳ ಕಾಯಿಲೆ ಎಂದರು. ಮೊದಲು ಕೈ, ಆಮೇಲೆ ಕಾಲು, ಆಮೇಲೆ ನಾಲಿಗೆ ಹೋಗುತ್ತದೆ ಎಂದು ಅವಳೇ ನನಗೆ ಫೋನಿನಲ್ಲಿ ಹೇಳಿದ್ದಳು, ಬಸ್ಸು ಯಾವ ಯಾವ ಸ್ಟಾಪಿನಲ್ಲಿ ನಿಲ್ಲುತ್ತದೆ ಎಂದು ಹೇಳುವ ಹಾಗೆ. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಒಬ್ಬಳೇ ಮಗಳು ಹತ್ತಿರದ ಫ್ರೀಮಾಂಟಿನಲ್ಲಿ ಕೆಲಸ ಮಾಡಿಕೊಂಡು ಅಲ್ಲಿಯೇ ಇರುತ್ತಾಳೆ. ನನಗೆ ಮದುವೆ ಆಗಿರಲಿಲ್ಲ, ಊರಲ್ಲಿ ನನ್ನನ್ನು ಕಾಯುವವರಿರಲಿಲ್ಲ. ತಂಗಿಯನ್ನು ನೋಡಿಕೊಳ್ಳಲು ಬಾಥೆಲ್‌ಗೆ ಬಂದೆ.

ಕೈ ಹೋದ ಮೇಲೆ ಅವಳಿಗೆ ಕಣ್ಣಿನಿಂದ ಬರೆಯುವ ವ್ಯವಸ್ಥೆ ಮಾಡಿಕೊಟ್ಟರು. ಲ್ಯಾಪ್‌ಟಾಪಿನ ಪರದೆಯ ಕೆಳಗೆ ಉದ್ದನೆಯ ಒಂದು ಕ್ಯಾಮೆರಾ. ಅವಳು ಯಾವ ಅಕ್ಷರವನ್ನು ದಿಟ್ಟಿಸುತ್ತಾಳೋ ಅದು ಪರದೆಯ ಮೇಲೆ ಬೀಳುತ್ತಿತ್ತು, ಆಮೇಲೆ ಯಂತ್ರ ಅದನ್ನು ಗಟ್ಟಿಯಾಗಿ ಓದುತ್ತಿತ್ತು. ಮೂಲೆಯಲ್ಲಿ ಒಂದು ಕೆಂಪು ಚೌಕ. ಅವಳು ಅದನ್ನು ನೋಡಿದರೆ ನಾನು ಎಲ್ಲಿದ್ದರೂ ನನ್ನ ಫೋನ್ ರಿಂಗಾಗುತ್ತಿತ್ತು.

ಅವಳ ನಾಲಿಗೆ ಇನ್ನೂ ಸ್ವಲ್ಪ ಹೊರಳುತ್ತಿದ್ದ ದಿನಗಳಲ್ಲಿ ಒಟ್ಟೆಗಳ ಪಾಠ ನಡೆಯಿತು. ನಾನು ಲ್ಯಾಪ್‌ಟಾಪನ್ನು ಅವಳ ಮುಖದ ಹತ್ತಿರ ಹಿಡಿದುಕೊಂಡು ನಿಂತಿದ್ದೆ.

"ಎರಡೂ ಒಂದೇ ತರ ಕಾಣ್ತದೆ ಅಕ್ಕ. ಆದ್ರೆ ಒಂದೇ ಅಲ್ಲ."

"ಒಟ್ಟೆ ಒಂದೇ ಅಳತೆ ಅಲ್ವಾ?"

"ಅಳತೆ ಒಂದೇ. ಕೆಲಸ ಬೇರೆ. ಹಿಂದಿನದ್ರ ಹತ್ರ ಸಣ್ಣ ಪ್ಲಗ್ಗಿನ ಚಿತ್ರ ಉಂಟು, ನೋಡು. ಕರೆಂಟ್ ಒಳಗೆ ಹೋಗುವುದು ಅದ್ರಲ್ಲಿ ಮಾತ್ರ. ಮುಂದಿನದು ಕ್ಯಾಮೆರಾಕ್ಕೆ. ಅದಕ್ಕೆ ಚಾರ್ಜರ್ ಹಾಕಿದ್ರೆ ಗಟ್ಟಿ ಕೂತ್ಕೊಳ್ತದೆ, ಆದ್ರೆ ಚಾರ್ಜ್ ಆಗುವುದಿಲ್ಲ. ಕ್ಯಾಮೆರಾ ಇದ್ರೆ ಬ್ಯಾಟರಿ ಬೇಗ ಮುಗೀತದೆ. ಗೊತ್ತಾಯ್ತಾ?"

"ಆಯ್ತು."

"ನೀನು ರಾತ್ರಿ ಕ್ಯಾಮೆರಾ ತೆಗ್ದು ಅದ್ರಿಂದ ನಿನ್ನ ಫೋನ್ ಚಾರ್ಜ್ ಮಾಡ್ತೀಯಲ್ಲ, ಹಾಗಾಗಿ ಹೇಳಿದ್ದು. ಅದು ಕೊಡ್ತದೆ, ತಗೊಳ್ಳುವುದಿಲ್ಲ. ನಿನ್ನ ಹಾಗೆ ಮಾರಾಯ್ತಿ, ಪಾಪದ್ದು."

ನಾನು ನಕ್ಕೆ. ಅವಳೂ ನಕ್ಕಳು, ಬಾಯಿಯಿಂದ ಜೊಲ್ಲು ಇಳಿಯಿತು, ಒರೆಸಿದೆ. ತಮಾಷೆಯ ಒಳಗೇ ಪಾಠ ಇತ್ತು. ನಾನು ತಮಾಷೆಯನ್ನು ಮಾತ್ರ ಇಟ್ಟುಕೊಂಡೆ. ಫೋನಿಗೆ ಕರೆಂಟ್ ಕೊಡುವ ಒಟ್ಟೆಗೆ ಕರೆಂಟ್ ತೆಗೆದುಕೊಳ್ಳಲು ಯಾಕೆ ಆಗುವುದಿಲ್ಲ ಎಂಬ ಪ್ರಶ್ನೆ ನಾಲಿಗೆಯ ತುದಿಯಲ್ಲಿತ್ತು. ಕೇಳಿದರೆ ಇಷ್ಟೂ ತಿಳಿಯದವಳು ಎಂದುಕೊಂಡಾಳು ಎಂದು ನುಂಗಿಕೊಂಡೆ.

ಐದನೇ ತರಗತಿ ಮುಗಿಸಿ ನಾನು ಬೀಡಿ ಕಟ್ಟಲು ಕುಳಿತವಳು. ಕನ್ನಡ ಸರಾಗವಾಗಿ ಓದುತ್ತೇನೆ, ಇಂಗ್ಲಿಷಿನಲ್ಲಿ ಅಕ್ಷರ ಗೊತ್ತು, ಮಾತು ಗೊತ್ತಿಲ್ಲ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ವಿಮಾನ ನಿಲ್ದಾಣದಲ್ಲಿ ಯಾರು ಏನು ಹೇಳಿದರೂ ಆಯ್ತು ಎಂದುಬಿಡುವುದು ನನ್ನ ಅಭ್ಯಾಸ. ಒಪ್ಪಿದೆ, ತಿಳಿಯಿತು, ಮುಗಿಯಿತು, ಇನ್ನು ನನ್ನನ್ನು ಬಿಟ್ಟುಬಿಡಿ, ಎಲ್ಲದಕ್ಕೂ ಆ ಒಂದೇ ಮಾತು.

ಅವಳ ಮಾತು ಪೂರ್ತಿ ನಿಂತ ಮೇಲೆ ಯಂತ್ರವೇ ಅವಳ ಬಾಯಿಯಾಯಿತು. ಮಗಳ ಜೊತೆ ಇಂಗ್ಲಿಷ್ ಚೆನ್ನಾಗಿ ನಡೆಯುತ್ತಿತ್ತು. ನನಗೆ ಹೇಳಬೇಕಾದ್ದನ್ನು ಅವಳು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುತ್ತಿದ್ದಳು, ಯಂತ್ರದ ಹೆಂಗಸು ಅದನ್ನು ತನಗೆ ತೋಚಿದ ಹಾಗೆ ಓದುತ್ತಿದ್ದಳು. ಅಕ್ಕ ಎಂಬುದು ಆಕಾ ಆಗುತ್ತಿತ್ತು. ಬಿಸಿ ನೀರು ಎಂದು ಬರೆದರೆ ಬಿಝಿ ನೀರು ಎನ್ನುತ್ತಿದ್ದಳು. "ಈ ಊರಲ್ಲಿ ನೀರಿಗೂ ಪುರುಸೊತ್ತಿಲ್ಲ" ಎಂದು ನಾನು ಹೇಳಿದರೆ ತಂಗಿಯ ಕಣ್ಣು ನಗುತ್ತಿತ್ತು. ಹೀಗೇ ದಿನ ಹೋಗುತ್ತಿತ್ತು.

ಒಂದು ಬೆಳಿಗ್ಗೆ ಓಟ್ಸಿನ ತೆಳು ಗಂಜಿ ಕುಡಿಸುವಾಗ ಬಟ್ಟಲು ವಾಲಿ ಮೇಜಿನ ಮೇಲೆ ಚೆಲ್ಲಿತು. ಎರಡೂ ವಯರುಗಳನ್ನು ಕಿತ್ತು, ಒರೆಸಿ, ಮತ್ತೆ ಸಿಕ್ಕಿಸಿದೆ. ಎರಡೂ ಕಪ್ಪು ವಯರು, ಎರಡರ ತುದಿಯೂ ಒಂದೇ ಆಕಾರ. ಗಟ್ಟಿಯಾಗಿ ಕೂತವು. ಪರದೆ ಹೊಳೆಯಿತು, ಕ್ಯಾಮೆರಾ ಅವಳ ಕಣ್ಣನ್ನು ಹಿಡಿಯಿತು. ಪರದೆಯ ಮೂಲೆಯಲ್ಲಿ ಇಂಗ್ಲಿಷಿನ ಒಂದು ಸಣ್ಣ ಪೆಟ್ಟಿಗೆ ಬಂದು ನಿಂತಿತು. ಅಂಥವು ದಿನಾ ಬರುತ್ತಿದ್ದವು. ನಾನು ಅಂಗಡಿಗೆ ಹೊರಟಿದ್ದೆ, ಬಸ್ಸಿನ ಹೊತ್ತಾಗಿತ್ತು. ಸ್ವೆಟರ್ ಹಾಕಿಕೊಳ್ಳುವಾಗ ಯಂತ್ರ ಮಾತಾಡಿತು.

"ಆಕಾ. ಓಟ್."

"ಈಗ ತಾನೆ ಕುಡಿದೆಯಲ್ಲ ಓಟ್ಸ್. ಬಂದು ಮತ್ತೆ ಮಾಡಿಕೊಡ್ತೇನೆ."

"ಓಟ್. ಓಟ್."

"ಎಂತ ಹಸಿವೆ ಮಾರಾಯ್ತಿ ನಿಂಗೆ. ಆಯ್ತು, ಬೇಗ ಬರ್ತೇನೆ."

ಬಾಗಿಲು ಎಳೆದುಕೊಂಡು ಹೋದೆ.

ಅಂಗಡಿಯಲ್ಲಿ ಬಸಳೆ ಬಂದಿತ್ತು. ನಮ್ಮ ಕಡೆಯ ಒಬ್ಬರು ಸಿಕ್ಕಿದರು, ನಿಂತು ಮಾತಾಡಿದೆ. ಫೋನ್ ರಿಂಗಾಗಲಿಲ್ಲ. ರಿಂಗಾಗಲಿಲ್ಲವಾದ್ದರಿಂದ ಅವಳು ಸುಖವಾಗಿದ್ದಾಳೆ ಎಂದು ನಿಶ್ಚಿಂತಳಾಗಿದ್ದೆ. ಒಂದು ಬಸ್ಸನ್ನು ಬೇಕೆಂದೇ ಬಿಟ್ಟೆ.

ಮನೆಗೆ ಬಂದಾಗ ಪರದೆ ಕಪ್ಪಾಗಿತ್ತು. ತಂಗಿಯ ತಲೆ ದಿಂಬಿನಿಂದ ಜಾರಿ ಒಂದು ಬದಿಗೆ ಬಿದ್ದಿತ್ತು. ಜೊಲ್ಲು ಗಂಟಲಿಗೆ ಇಳಿದು ಉಸಿರು ಗೊರಗೊರ ಎನ್ನುತ್ತಿತ್ತು. ಕಣ್ಣು ಮಾತ್ರ ತೆರೆದಿತ್ತು, ಆ ಕಪ್ಪು ಪರದೆಯ ಮೂಲೆಯನ್ನೇ ನೋಡುತ್ತಿತ್ತು. ಕೆಂಪು ಚೌಕ ಇರುತ್ತಿದ್ದ ಮೂಲೆ.

ಅವಳನ್ನು ಎತ್ತಿ ಕೂರಿಸಿ, ಗಂಟಲು ತೆರವು ಮಾಡುವ ಯಂತ್ರ ಹಿಡಿದು, ಆಂಬುಲೆನ್ಸಿಗೆ ಫೋನ್ ಮಾಡಿದೆ. ಅವರು ಬರುವವರೆಗೆ ಅವಳ ಬಾಯಿ ಎಚ್ಚರವಾಗಲಿ ಎಂದು ಎರಡೂ ವಯರು ಕಿತ್ತು, ಚಾರ್ಜರನ್ನು ಇನ್ನೊಂದು ಒಟ್ಟೆಗೆ ಚುಚ್ಚಿದೆ. ಪಕ್ಕದಲ್ಲಿ ಒಂದು ಬಿಳಿ ದೀಪ ಹತ್ತಿತು. ಅದರ ಹತ್ತಿರ ಸಣ್ಣ ಪ್ಲಗ್ಗಿನ ಚಿತ್ರ ಇತ್ತು. ಆಗ ಗೊತ್ತಾಯಿತು. ಅವಳು ಕೇಳಿದ್ದು ಓಟ್ಸ್ ಅಲ್ಲ.

ಆಸ್ಪತ್ರೆಗೆ ಮಗಳು ಓಡಿಬಂದಳು. ಅವಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಹೆಚ್ಚಾಗಿ ಇಂಗ್ಲಿಷಿನಲ್ಲಿ.

"ದೊಡ್ಡಮ್ಮ, ಚಾರ್ಜರ್ ಪ್ಲಗ್ ಆಗಿತ್ತಾ?"

"ಹಾಕಿಯೇ ಇತ್ತು."

"ಆರ್ ಯು ಶ್ಯೂರ್?"

"ಹೌದು ಮಗಾ. ಬ್ಯಾಟರಿ ಹಾಳಾಗಿರ್ಬೇಕು."

ಹಾಕಿಯೇ ಇತ್ತು ಎಂಬುದು ನಿಜ. ಅದಕ್ಕೇ ಅಷ್ಟು ಸಲೀಸಾಗಿ ಬಾಯಿಂದ ಬಂತು. ಅವಳು ನನ್ನ ಮಾತು ನಂಬಿ ಲ್ಯಾಪ್‌ಟಾಪನ್ನು ಅದನ್ನು ಕೊಟ್ಟ ಕಂಪನಿಗೇ ರಿಪೇರಿಗೆ ಕಳಿಸಿದಳು. ಬದಲಿಗೆ ಬೇರೆಯದು ಸಿಗುವುದು ಸುಲಭವಿರಲಿಲ್ಲ, ಕಾಗದಪತ್ರ ಆಗಬೇಕು ಎಂದರು.

ತಂಗಿ ಮನೆಗೆ ಬಂದಳು, ಆದರೆ ಜೊಲ್ಲು ಇಳಿದು ಹಿಡಿದ ಎದೆಯ ಸೋಂಕು ಅವಳಲ್ಲಿ ಉಳಿದಿದ್ದನ್ನೂ ಬಾಚಿಕೊಂಡಿತ್ತು. ಇಂಗ್ಲಿಷ್ ಅಕ್ಷರಗಳ ಹಲಗೆ ಹಿಡಿದು ಮಗಳು ಶನಿವಾರ, ಭಾನುವಾರ ಮಾತಾಡಿಸುತ್ತಿದ್ದಳು. ಉಳಿದ ದಿನಗಳಿಗೆ ನಾನೊಂದು ರಟ್ಟಿನ ಮೇಲೆ ದೊಡ್ಡದಾಗಿ ಕನ್ನಡ ವರ್ಣಮಾಲೆ ಬರೆದುಕೊಂಡೆ. ನಾನು ಒಂದೊಂದೇ ಅಕ್ಷರ ಮುಟ್ಟುತ್ತಾ ಹೋಗಬೇಕು, ಬೇಕಾದ್ದು ಬಂದಾಗ ಅವಳು ರೆಪ್ಪೆ ಮುಚ್ಚಬೇಕು. ನೀರು, ಹೊದಿಕೆ, ಕಿಟಕಿ, ಇಷ್ಟಕ್ಕೆ ಆ ರಟ್ಟು ಸಾಕಾಗುತ್ತಿತ್ತು.

ಒಂದು ಮಧ್ಯಾಹ್ನ ಅವಳು ತಾನಾಗಿಯೇ ರಟ್ಟಿನ ಕಡೆ ನೋಡಿದಳು. ನಾನು ಬೆರಳಿಟ್ಟೆ. ಅ, ಆ ದಾಟಿ ಹೋದೆ. ಒ ಬಂದಾಗ ರೆಪ್ಪೆ ಮುಚ್ಚಿದಳು. ವ್ಯಂಜನಗಳಿಗೆ ಬಂದೆ. ಕ ಸಾಲು ಬೇಡ, ಚ ಸಾಲು ಬೇಡ. ಟ ಮುಟ್ಟಿದೆ. ರೆಪ್ಪೆ ಮುಚ್ಚಿತು.

ಮುಂದೆ ಏನು ಬರುತ್ತದೆ ಎಂದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂದು ಅವಳಿಗೂ ಗೊತ್ತಿತ್ತು. ಅವಳು ನನ್ನನ್ನು ದೂರುತ್ತಿದ್ದಳೋ, ಲ್ಯಾಪ್‌ಟಾಪ್ ಹಾಳಾಗಿಲ್ಲ, ಮಗಳಿಗೆ ಹೇಳಿ ಬೇಗ ತರಿಸು ಎನ್ನುತ್ತಿದ್ದಳೋ, ಆ ಪದದ ಆಚೆಗೆ ಇನ್ನೇನಾದರೂ ಇತ್ತೋ. ನಾನು ರಟ್ಟನ್ನು ಮಡಚಿದೆ.

"ಸುಸ್ತಾಯ್ತು ನಿಂಗೆ. ಮಲಗು" ಎಂದೆ.

ಅವಳು ನನ್ನನ್ನು ನೋಡುತ್ತಲೇ ಇದ್ದಳು. ನಾನು ಅಡಿಗೆಮನೆಗೆ ಹೋಗಿ, ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದೆ. ಆ ದಿನದ ನಂತರ ಅವಳು ರಟ್ಟಿನ ಕಡೆ ತಾನಾಗಿ ನೋಡಲಿಲ್ಲ.

ಲ್ಯಾಪ್‌ಟಾಪ್ ತಿರುಗಿ ಬಂತು. ದೋಷವಿಲ್ಲ ಎಂದು ಹೇಳಿ ಕಳಿಸಿದ್ದರು. ಮಗಳು ಮೇಜಿನ ಮೇಲಿಟ್ಟು ವಯರುಗಳನ್ನು ಅದರದರ ಒಟ್ಟೆಗೆ ಹಾಕಿದಳು. ಬಿಳಿ ದೀಪ ಹತ್ತಿತು. ಆದರೆ ಅಷ್ಟರಲ್ಲಿ ತಂಗಿಯ ರೆಪ್ಪೆಗಳು ಸೋತಿದ್ದವು, ಅರ್ಧಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಕ್ಯಾಮೆರಾ ಅವಳ ಕಣ್ಣನ್ನು ಹುಡುಕಿತು, ಸಿಗಲಿಲ್ಲ. ಮಗಳು ದಿಂಬು ಎತ್ತರಿಸಿದಳು, ಪರದೆ ಬಾಗಿಸಿದಳು, ದೀಪ ಹಾಕಿದಳು, ಆರಿಸಿದಳು. ಯಂತ್ರದ ಹೆಂಗಸು ಒಂದು ಮಾತೂ ಆಡಲಿಲ್ಲ.

ಮಗಳು ನೆಲದ ಮೇಲೆ ಕುಳಿತುಬಿಟ್ಟಳು. ಅವಳಿಗೆ ಕಂಪನಿಯ ಮೇಲೆ ಸಿಟ್ಟು.

"ದೊಡ್ಡಮ್ಮ, ದೇ ಆರ್ ಲೈಯಿಂಗ್. ದೋಷ ಇಲ್ಲದೆ ಹೇಗೆ ಆಫ್ ಆಗ್ತದೆ? ಅಮ್ಮನ ಲಾಸ್ಟ್ ಗುಡ್ ವೀಕ್ಸ್ ಅದು. ನೀವು ನೋಡಿದ್ದೀರಲ್ಲ, ಪ್ಲಗ್ ಆಗಿತ್ತಲ್ಲ? ನಾನು ಕಂಪ್ಲೇಂಟ್ ಮಾಡ್ತೇನೆ. ನೀವು ಹೇಳ್ತೀರಲ್ಲ?"

ಆಯ್ತು ಎಂಬ ಮಾತು ಬಾಯಿವರೆಗೆ ಬಂತು.

ಕಿಟಕಿಯಾಚೆ ಪಾರ್ಕಿಂಗಿನಲ್ಲಿ ಯಾರೋ ಕಾರಿನಿಂದ ಸಾಮಾನು ಇಳಿಸುತ್ತಿದ್ದರು. ನಾನು ಮಂಚದ ಹತ್ತಿರ ಹೋದೆ, ತಂಗಿಗೆ ಕಾಣಿಸುವಷ್ಟು ಕೆಳಗೆ ಬಾಗಿದೆ. ಅವಳ ಅರ್ಧ ಕಣ್ಣು ನನ್ನ ಗಲ್ಲದ ಹತ್ತಿರ ಎಲ್ಲೋ ನಿಂತಿತ್ತು. ನಾನು ಹೇಳುವುದು ಅವಳಿಗೆ ಕೇಳುತ್ತದೆ ಎಂದು ಡಾಕ್ಟರ್ ಹೇಳಿದ್ದರು. ಉತ್ತರ ಬರುವುದಿಲ್ಲ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಮಗಳಿಗೂ ಕೇಳಲಿ ಎಂದು ಸ್ವರ ಎತ್ತಿಯೇ ಹೇಳಿದೆ.

"ಲ್ಯಾಪ್‌ಟಾಪ್ ಹಾಳಾಗಿರ್ಲಿಲ್ಲ. ಚಾರ್ಜರನ್ನು ನಾನು ತಪ್ಪು ಒಟ್ಟೆಗೆ ಹಾಕಿದ್ದು. ನೀನು ಹೇಳಿಕೊಟ್ಟಾಗ ನಂಗೆ ಅರ್ಥ ಆಗಿರ್ಲಿಲ್ಲ, ಅರ್ಥ ಆಯ್ತು ಅಂತ ಸುಳ್ಳು ಹೇಳಿದೆ. ನೀನು ಒಟ್ಟೆ ಒಟ್ಟೆ ಅಂತ ಕರೆದೆ, ನಾನು ಹೋದೆ. ಆಮೇಲೆ ನೀನು ರಟ್ಟಿನಲ್ಲಿ ಹೇಳ್ಲಿಕ್ಕೆ ಬಂದೆ, ನಾನು ಮಡಚಿಟ್ಟೆ. ತಪ್ಪಾಯ್ತು ಮಾರಾಯ್ತಿ. ನನ್ನಿಂದ ತಪ್ಪಾಯ್ತು."